ಮೇಲ್ರೆಕ್ಕೆ, ಕೆಳರೆಕ್ಕೆ ಮತ್ತು ಗೊಬ್ಬೂರದ ತೊಗರಿ

ಸಣ್ಣ ವಿಮಾನಕ್ಕೆ ರೆಕ್ಕೆ ಪೈಲಟ್‌ನ ತಲೆಯ ಮೇಲಿರಬೇಕೋ ಸೀಟಿನ ಕೆಳಗಿರಬೇಕೋ ಎಂದು ಹಾರಾಟ ಕಲಿಯುವ ಹುಡುಗರು ಟೀ ಕುಡಿಯುತ್ತ ಗಂಟೆಗಟ್ಟಲೆ ಜಗಳವಾಡುತ್ತಾರೆ. ನನ್ನನ್ನೂ ಕೇಳುತ್ತಾರೆ. ಕೇಳಿದ ಕೂಡಲೇ ನನ್ನ ಮೂಗಿಗೆ ಕೀಟನಾಶಕದ ವಾಸನೆ ಬರುತ್ತದೆ. ಅವರಿಗೆ ಅದು ವಾದ. ನನಗೆ ಅದು ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಅಫಜಲಪುರ ತಾಲ್ಲೂಕಿನ ತೊಗರಿ ಹೊಲ, ಮತ್ತು ಇವತ್ತಿಗೂ ನೆನೆದರೆ ಉಗಿಯಬೇಕೆನಿಸುವ ಇಬ್ಬರು ಮನುಷ್ಯರು.

ಆ ವರ್ಷ ತೊಗರಿಗೆ ಕಾಯಿಕೊರಕ ಹುಳು ವಿಪರೀತ ಬಿದ್ದಿತ್ತು. ಅಲ್ಲಿಯವರು ಅದಕ್ಕೆ ಕೀಡಿ ಅನ್ನುತ್ತಾರೆ. ಹೆಂಗಸರು ಸಾಲಿನುದ್ದಕ್ಕೂ ಹಳೆಯ ಸೀರೆ ಹಾಸಿ, ಗಿಡ ಜಾಡಿಸಿ, ಬಿದ್ದ ಕೀಡಿಯನ್ನು ಕೊಡದಲ್ಲಿ ತುಂಬಿ ಸುಡುತ್ತಿದ್ದರು. ವಿಮಾನದಿಂದ ಔಷಧ ಸಿಂಪಡಿಸುವ ಒಂದು ಖಾಸಗಿ ಕಂಪನಿಗೆ ಇದು ಸುಗ್ಗಿಯಾಗಿ ಕಂಡಿತು. ನಾನು ಆ ಕಂಪನಿಯ ಪೈಲಟ್. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ತೊಗರಿ ಬೆಳೆಗಾರರನ್ನು ಹಿಡಿಯುವುದು ಕಂಪನಿಯ ಆಸೆ. ಅದಕ್ಕಾಗಿ ಎರಡು ವಿಮಾನ ತಂದಿದ್ದರು, ಒಂದು ಮೇಲ್ರೆಕ್ಕೆಯದು, ಒಂದು ಕೆಳರೆಕ್ಕೆಯದು. ಎರಡನ್ನೂ ಹಾರಿಸಿ ನೋಡಿ, ಈ ಸೀಮೆಗೆ ಯಾವುದು ಸರಿ ಎಂದು ನಾನು ಹೇಳಬೇಕು. ಉಳಿದದ್ದು ಬೇರೆ ಜಿಲ್ಲೆಗೆ ಹೋಗುತ್ತದೆ. ಕೆಲಸ ಇಷ್ಟೇ ಎಂದು ಮ್ಯಾನೇಜರರು ಹೇಳಿದರು. ಹೇಳುವಾಗ ಅವರ ಕಣ್ಣು ಆಗಲೇ ಕೆಳರೆಕ್ಕೆಯ ಮೇಲಿತ್ತು.

ನಾವು ವಿಮಾನ ಇಳಿಸುತ್ತಿದ್ದದ್ದು ಗೊಬ್ಬೂರದ ಹತ್ತಿರದ ಗಾಯರಾಣದಲ್ಲಿ, ಅಂದರೆ ಊರ ದನ ಮೇಯುವ ಗರಸು ನೆಲದಲ್ಲಿ. ಕಲ್ಲು ಆರಿಸಿ, ಎತ್ತಿನಿಂದ ಕುಂಟೆ ಹೊಡೆಸಿ, ಎರಡೂ ಬದಿಗೆ ಸುಣ್ಣ ಬಳಿದ ಕಲ್ಲಿಟ್ಟರೆ ಅದೇ ನಮ್ಮ ವಿಮಾನ ನಿಲ್ದಾಣ. ಒಂದು ತಗಡಿನ ಶೆಡ್ಡು, ಅದರ ಪಕ್ಕ ಔಷಧದ ಡಬ್ಬಿಗಳು, ನೀರಿನ ಟ್ಯಾಂಕರು. ಡಬ್ಬಿ ಒಡೆದು ನೀರಿನಲ್ಲಿ ಕಲಸುವ ಜಾಗ ಸದಾ ಹಸಿಯಾಗಿರುತ್ತಿತ್ತು. ಅಲ್ಲಿ ನೊಣವೂ ಕೂರುತ್ತಿರಲಿಲ್ಲ. ತೊಳೆದ ನೀರು ಇಳಿಜಾರಿನಲ್ಲಿ ಹರಿದು ಹಳ್ಳ ಸೇರುತ್ತಿತ್ತು, ಹಳ್ಳದಲ್ಲಿ ಮೀನು ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು. ಇನ್ನೂ ಅಸಹ್ಯದ ಸಂಗತಿಯೆಂದರೆ, ಖಾಲಿ ಡಬ್ಬಿಗಳನ್ನು ಮ್ಯಾನೇಜರರು ಕೂಲಿಯವರಿಗೆ ಇನಾಮು ಕೊಡುತ್ತಿದ್ದರು. ಒಳ್ಳೆಯ ಗಟ್ಟಿ ತಗಡು, ಮುಚ್ಚಳವೂ ಭದ್ರ. ಅವರು ಅದನ್ನು ಮನೆಗೆ ಒಯ್ದು ಹಿಟ್ಟು ತುಂಬಿಡುತ್ತಿದ್ದರು. ನಾನು ಬೇಡವೆಂದು ಹೇಳಿದ್ದಕ್ಕೆ ಮ್ಯಾನೇಜರರು ನಕ್ಕು, "ಕೊಟ್ಟದ್ದನ್ನ ಬ್ಯಾಡ ಅನ್ನೂ ಹಕ್ಕು ನಿಮಗ್ಯಾಕ್ರಿ?" ಎಂದಿದ್ದರು.

ಮೊದಲು ವಿಮಾನಗಳ ವಿಷಯ ಹೇಳಿಬಿಡುತ್ತೇನೆ. ಮೇಲ್ರೆಕ್ಕೆಯದು ಹಗುರ, ಬಟ್ಟೆ ಹೊದೆಸಿದ ಮೈ, ಹಿಂದಿನ ಸೀಟು ಕಿತ್ತು ಅಲ್ಲಿ ಔಷಧದ ಟ್ಯಾಂಕ್ ಕೂರಿಸಿದ್ದರು. ಪೆಟ್ರೋಲು ರೆಕ್ಕೆಯಲ್ಲಿ, ಅದು ತಾನಾಗಿ ಇಂಜಿನ್ನಿಗೆ ಇಳಿಯುತ್ತದೆ, ಪಂಪಿನ ಕಾಟವಿಲ್ಲ. ಆದರೆ ತುಂಬಿಸಲು ಏಣಿ ಹತ್ತಬೇಕು. ಹೊರೆ ಕಡಿಮೆ, ವೇಗವೂ ಕಡಿಮೆ. ಕೆಳರೆಕ್ಕೆಯದು ಸಿಂಪಡಣೆಗೆಂದೇ ಕಟ್ಟಿದ್ದು. ಒಬ್ಬನೇ ಕೂರುವ ಎತ್ತರದ ಸೀಟು, ಮುಂದೆ ದೊಡ್ಡ ಟ್ಯಾಂಕ್, ರೆಕ್ಕೆಯ ಹಿಂದಂಚಿಗೆ ಸಿಂಪಡಿಸುವ ಕೊಳವೆ. ರೆಕ್ಕೆ ಬೆಳೆಗೆ ಹತ್ತಿರವಿರುವುದರಿಂದ ಔಷಧ ಗಾಳಿಗೆ ಚದುರದೆ ಎಲೆಯ ಬುಡದವರೆಗೆ ಹೋಗುತ್ತದೆ. ಬಿದ್ದರೂ ರೆಕ್ಕೆ ಮೊದಲು ನೆಲಕ್ಕೆ ಬಡಿದು ಪೈಲಟ್‌ನ ಕಾಲು ಉಳಿಯುತ್ತದೆ.

ನಿಜ ಹೇಳಬೇಕೆಂದರೆ ಮೊದಮೊದಲು ನನ್ನ ಮನಸ್ಸೂ ಕೆಳರೆಕ್ಕೆಯ ಕಡೆಗೇ ವಾಲಿತ್ತು. ಕಾರಣ ತಂತಿ. ಗಾಣಗಾಪುರದ ಕಡೆ ಭೀಮಾ ನದಿಗೆ ಪಂಪ್‌ಸೆಟ್ ಕೂರಿಸಿದವರು ಕಂಬ ಸಿಕ್ಕಲ್ಲಿ ನೆಟ್ಟು, ತಂತಿ ಬೇಕಾದಂತೆ ಎಳೆದಿದ್ದರು. ಸಿಂಪಡಿಸುವವನು ಹೊಲದ ಕೊನೆ ಮುಟ್ಟಿದ ಕೂಡಲೇ ಮೇಲೆದ್ದು ತಿರುಗಬೇಕು. ಮೇಲ್ರೆಕ್ಕೆಯಲ್ಲಿ ತಿರುಗುವಾಗ, ಯಾವ ಕಡೆಗೆ ತಿರುಗುತ್ತೀರೋ ಆ ಕಡೆಯ ರೆಕ್ಕೆ ಕೆಳಗಿಳಿದು ಕಣ್ಣಿಗೆ ಪರದೆ ಹಾಕುತ್ತದೆ. ಹೋಗುವ ದಾರಿಯೇ ಕಾಣುವುದಿಲ್ಲ. ಹೀಗೆ ಒಂದು ಬೆಳಿಗ್ಗೆ ತಿರುಗಿ ರೆಕ್ಕೆ ಮಟ್ಟ ಮಾಡಿದಾಗ ಮೂಗಿನ ಮುಂದೆಯೇ ತಂತಿ. ಹೇಗೆ ಮೇಲೇರಿದೆನೋ ನನಗೇ ಗೊತ್ತಿಲ್ಲ. ಇಳಿದ ಮೇಲೆ ಚಕ್ರದ ಪಕ್ಕದಲ್ಲೇ ಕೂತುಬಿಟ್ಟೆ. ಕೆಳರೆಕ್ಕೆಯಲ್ಲಿ ಆ ತೊಂದರೆಯಿಲ್ಲ. ತಿರುವಿನಲ್ಲಿ ಮೇಲೂ ಮುಂದೂ ಪೂರ್ತಿ ಬಯಲು.

ಆದರೆ ಕೆಳರೆಕ್ಕೆಗೆ ಬೇರೆ ರೋಗಗಳಿದ್ದವು. ಪರೀಕ್ಷೆಗೆಂದು ಒಮ್ಮೆ ಜೇವರ್ಗಿಯ ಎರೆಭೂಮಿಯಲ್ಲಿ ಇಳಿಸಿದಾಗ ಬೆಳಗಿನ ಇಬ್ಬನಿಗೆ ಮಣ್ಣು ಅಂಟಾಗಿ, ಅದರ ಅಗಲ ಚಕ್ರ ಹೆಂಟೆಗಳನ್ನು ಎತ್ತಿ ರೆಕ್ಕೆಯ ಅಡಿಗೇ ಬಡಿಯಿತು. ಕೊಳವೆಯ ಬಾಯಿಗಳಲ್ಲಿ ಮಣ್ಣು ಕಟ್ಟಿ, ಅರ್ಧ ದಿನ ನಾನು ಮತ್ತು ಎರಡನೇ ಪೈಲಟ್ ಕಡ್ಡಿಯಿಂದ ಕೆದಕುತ್ತ ಕೂತೆವು. ಎರಡನೇ ಪೈಲಟ್ ಬೆಳಗಾವಿಯ ಕಡೆಯವ, ನನಗಿಂತ ಕಿರಿಯ, ಮಾತು ಕಡಿಮೆ. ಆ ದಿನ ಅವನು ಅಂದದ್ದು ಒಂದೇ ಮಾತು: "ಇದರಾಗ ಕುಂತ್ರ ಕೆಳಗ ಏನೂ ಕಾಣಂಗಿಲ್ರಿ. ಮಂಚದ ಮ್ಯಾಲೆ ಕುಂತು ಮಂಚದ ಬುಡಕ ನೋಡಿದಂಗ ಆಗ್ತದ." ನಿಜವಾಗಿತ್ತು. ಮುಂದೆ ಚೆನ್ನಾಗಿ ಕಾಣುತ್ತದೆ, ಆದರೆ ಮೈಯ ಎರಡೂ ಬದಿಗೆ, ನೇರ ಕೆಳಗೆ, ಇರುವುದು ಬರೀ ತಗಡು.

ಮುಂದೆ ಕಾಣಲೇಬೇಕಾದವನು ಬಾವುಟದವನು. ಸಿಂಪಡಿಸುವ ವಿಮಾನಕ್ಕೆ ಸಾಲು ತೋರಿಸಲು ಹೊಲದ ತುದಿಯಲ್ಲಿ ಒಬ್ಬ ಮನುಷ್ಯ ಬಿಳಿ ಬಾವುಟ ಎತ್ತಿ ನಿಲ್ಲುತ್ತಾನೆ. ಪೈಲಟ್ ಅವನನ್ನೇ ಗುರಿ ಮಾಡಿ ಬರುತ್ತಾನೆ. ವಿಮಾನ ಹತ್ತಿರವಾದಾಗ ಬಾವುಟದವನು ಗಾಳಿ ಬರುವ ಕಡೆಗೆ ಕೆಲವು ಹೆಜ್ಜೆ ಓಡಿ ಮುಂದಿನ ಸಾಲಿಗೆ ನಿಲ್ಲುತ್ತಾನೆ. ಬಾವುಟ ನೆಲಕ್ಕಿಳಿದರೆ ಔಷಧ ಬಿಡಬಾರದು, ಇದು ನಿಯಮ. ನಮ್ಮ ಬಾವುಟದವನು ಗೊಬ್ಬೂರದ ಒಬ್ಬ ಮುಸಲ್ಮಾನ ಹಿರಿಯ, ಮೊದಲು ಅಡತಿಯಲ್ಲಿ ಹಮಾಲಿ ಮಾಡಿದವನು. ಮೂಗಿಗೆ ಒಂದು ಒದ್ದೆ ಟವೆಲು, ಅಷ್ಟೇ ಅವನ ರಕ್ಷಣೆ. ಕನ್ನಡಕ, ಮುಖಗವಸು ಕೊಡಿ ಎಂದು ನಾನು ಕೇಳಿದ್ದಕ್ಕೆ, ಬರುತ್ತಿವೆ ಎಂದರು. ಅವು ಬರುತ್ತಲೇ ಇದ್ದವು. ಸಂಜೆ ಅವನು ಕೆಂಪು ಕಣ್ಣು ಉಜ್ಜುತ್ತ, "ಊಟಕ್ಕ ರುಚೀನೇ ಇಲ್ಲ ಸಾಬ್, ರೊಟ್ಟಿ ಕಚ್ಚಿದ್ರ ಬಾಯಾಗ ಬರೇ ದವಾ" ಎನ್ನುತ್ತಿದ್ದ. ನನ್ನ ಬಾಯಲ್ಲೂ ಅದೇ ಇತ್ತು. ಸಾಬೂನು ಎಷ್ಟು ಹಾಕಿದರೂ ಉಗುರಿನ ಸಂದಿಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ನನಗೆ ನನ್ನ ಕೈಯಿಂದ ಉಣ್ಣಲು ಹೇಸಿಗೆಯಾಗಿ ಚಮಚ ಕೊಂಡೆ.

ಮ್ಯಾನೇಜರರಿಗೆ ಜೊತೆಯಾದವನು ಔಷಧದ ಏಜೆಂಟ. ಮಾದನಹಿಪ್ಪರಗಾದವನು, ಸ್ವಂತ ಜಮೀನಿದ್ದ ಮನುಷ್ಯ, ಬಾಯಿ ತುಂಬ ಎಲೆಅಡಿಕೆ, ಮಾತು ತುಂಬ ಬೆಣ್ಣೆ. ಊರೂರು ತಿರುಗಿ ಬೆಳೆಗಾರರನ್ನು ಒಪ್ಪಿಸುವುದು ಅವನ ಕೆಲಸ. ಅವನೇ ಸಲಹೆ ಕೊಟ್ಟ: ದೊಡ್ಡ ಪ್ರದರ್ಶನ ಒಂದನ್ನು ಇಡೋಣ, ಮೂರೂ ತಾಲ್ಲೂಕಿನ ದೊಡ್ಡ ರೈತರು ಟ್ರ್ಯಾಕ್ಟರಿನಲ್ಲಿ ಬಂದು ನೋಡಲಿ, ಅವತ್ತೇ ಒಪ್ಪಂದ. ದಿನವನ್ನೂ ಅವನೇ ಆರಿಸಿದ. ಎಳ್ಳಮಾವಾಸ್ಯೆ.

"ಅವತ್ತ ಯಾರೂ ಕೆಲಸಕ್ಕ ಹೋಗಂಗಿಲ್ರಿ, ಮಂದಿ ಖಾಲಿ ಇರ್ತಾರ, ಜಾತ್ರಿ ಕೂಡಿದಂಗ ಕೂಡ್ತಾರ" ಎಂದ.

ನಾನು ತುಮಕೂರಿನ ಕಡೆಯವನು. ನಮ್ಮಲ್ಲಿ ಆ ಅಮಾವಾಸ್ಯೆಗೆ ಇಷ್ಟೆಲ್ಲ ಸಂಭ್ರಮವಿಲ್ಲ. ಹಬ್ಬದ ದಿನ ಹೊಲದಲ್ಲಿ ಯಾರಾದರೂ ಇರುತ್ತಾರೆಯೇ ಎಂದು ಕೇಳಿದೆ. ಏಜೆಂಟ ಎದೆ ತಟ್ಟಿಕೊಂಡ. "ಡಂಗುರ ಸಾರಿಸೇನ್ರಿ ಕ್ಯಾಪ್ಟನ್ ಸಾಹೇಬ್ರ. ಮಧ್ಯಾಹ್ನತನಕ ಒಬ್ರೂ ಹೊಲಕ್ಕ ಕಾಲಿಡಬಾರದಂತ. ನಮ್ಮ ಮಂದಿ ಮಾತು ಕೇಳ್ತಾರ." ಡಂಗುರ ಹೊಡೆದದ್ದು ನಿಜ, ನಾನೂ ಕೇಳಿದೆ. ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನಾನೊಂದು ಷರತ್ತು ಹಾಕಿದೆ: ಬೆಳಿಗ್ಗೆ ಮೊದಲು ನಾನು ಮೇಲ್ರೆಕ್ಕೆಯಲ್ಲಿ ಖಾಲಿ ಟ್ಯಾಂಕ್ ಇಟ್ಟುಕೊಂಡು ಹೋಗಿ ತಂತಿ, ಮರ, ಮಂದಿ ಎಲ್ಲ ನೋಡಿ ಬರಬೇಕು. ನಾನು ಬಂದು ಸರಿ ಎಂದ ಮೇಲೆ ಎರಡನೇ ಪೈಲಟ್ ಕೆಳರೆಕ್ಕೆಯಲ್ಲಿ ಏರಬೇಕು. ಮ್ಯಾನೇಜರರು ತಲೆಯಾಡಿಸಿದರು. ಅವರ ತಲೆ ಯಾವುದಕ್ಕಾದರೂ ಆಡುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಚಳಿ ಗಡಗಡ ನಡುಗಿಸುವಂತಿತ್ತು. ಗಾಯರಾಣದಲ್ಲಿ ಆಗಲೇ ಶಾಮಿಯಾನಾ, ಕುರ್ಚಿ, ಕೆಳರೆಕ್ಕೆಯ ಮೂಗಿಗೆ ಚೆಂಡುಹೂವಿನ ಹಾರ, ಫೋಟೋದವನು. ಔಷಧ ತುಂಬಿದ ವಿಮಾನಕ್ಕೆ ಒಬ್ಬ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದ. ಒಡೆದ ಕಾಯಿಯ ನೀರು ಆ ಹಸಿ ನೆಲದ ಮೇಲೆ ಬಿತ್ತು. ಅದೇ ಕಾಯಿಯನ್ನು ಚೂರು ಮಾಡಿ ಪ್ರಸಾದವೆಂದು ಹಂಚಿದರು. ನಾನು ತಿನ್ನಲಿಲ್ಲ. ಬೆಳೆಗಾರರು ಕೆಳರೆಕ್ಕೆಯ ಸುತ್ತಲೂ ನಿಂತು ಅದರ ಗಾತ್ರಕ್ಕೆ ಬೆರಗಾಗುತ್ತಿದ್ದರೆ, ನನ್ನ ಬಟ್ಟೆಯ ವಿಮಾನದ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನು ಏರಿದೆ.

ಮೇಲಿನಿಂದ ತೊಗರಿ ಹಳದಿ ಹೂವು ಬಿಟ್ಟ ಒಂದು ದೊಡ್ಡ ಜಮಖಾನೆಯಂತಿತ್ತು, ಅಲ್ಲಲ್ಲಿ ಜೋಳದ ಹಸಿರು ಪಟ್ಟೆ. ಮೊದಲ ಸುತ್ತಿನಲ್ಲಿ ತಂತಿ ಕಾಣಲಿಲ್ಲ. ಮನುಷ್ಯರೂ ಕಾಣಲಿಲ್ಲ. ಪ್ರತಿ ಹೊಲದಲ್ಲೂ ಒಂದು ಸಣ್ಣ ಕಣಿಕೆಯ ಬಣವೆ ಇತ್ತು, ಜೋಳದ ದಂಟು ಒಟ್ಟಿದ್ದು. ಸರಿ ಎಂದುಕೊಂಡು ಹಿಂತಿರುಗಲು ಮೂಗು ಹೊರಳಿಸಿದೆ. ಆಗ ತಲೆಯಲ್ಲಿ ಏನೋ ಚುಚ್ಚಿತು. ಜೋಳ ಇನ್ನೂ ಹಸಿರಾಗಿ ನಿಂತಿದೆ, ಕೊಯ್ಲಿಗೆ ತಿಂಗಳುಗಳಿವೆ. ಹಾಗಿರುವಾಗ ತೊಗರಿಯ ನಟ್ಟನಡುವೆ ಹೊಸ ಬಣವೆ ಯಾರು ಒಟ್ಟುತ್ತಾರೆ? ಅದೂ ಹಿಂದಿನ ದಿನ ಸಂಜೆ ನಾನು ಹಾರಿದಾಗ ಇಲ್ಲದ್ದು?

ವೇಗ ತಗ್ಗಿಸಿದೆ. ಮೇಲ್ರೆಕ್ಕೆಯ ಒಂದು ಗುಣವೆಂದರೆ, ಅದು ಎತ್ತಿನ ಬಂಡಿಯಂತೆ ತೆವಳಿದರೂ ಬೀಳುವುದಿಲ್ಲ. ಒಂದು ಬಣವೆಯ ಪಕ್ಕದಲ್ಲಿ ತಗ್ಗಾಗಿ, ನೇರವಾಗಿ ಹೋಗುತ್ತ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದೆ. ಬಣವೆಗೆ ಬಾಗಿಲಿತ್ತು. ಅದು ದಂಟಿನಿಂದ ಕಟ್ಟಿದ ಗೂಡಿನಂಥ ಕೊಂಪೆ. ಬಾಗಿಲಲ್ಲಿ ಗಡಿಗೆಗಳು, ಸಾಲಾಗಿ ಇಟ್ಟ ಕಲ್ಲುಗಳಿಗೆ ಬಳಿದ ಸುಣ್ಣ, ಎಳೆದುಕೊಂಡ ಕೆಂಪು ಸೆರಗು, ಸೆರಗಿನ ಹಿಂದೆ ಎರಡು ಮೂರು ಮುಖ. ಒಂದು ಕೂಸು ನನ್ನತ್ತ ಕೈ ಬೀಸಿತು. ಮುಂದಿನ ಹೊಲದ ಕೊಂಪೆಯಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಮಂದಿ ಊರಿನಲ್ಲಿರಲಿಲ್ಲ. ಊರಿಗೆ ಊರೇ ತೊಗರಿಯೊಳಗೆ ಕೂತಿತ್ತು, ಅಡುಗೆ ತೆರೆದಿಟ್ಟುಕೊಂಡು.

ಹಿಂತಿರುಗಿ ಹೇಳಬೇಕು ಎಂದು ಗಾಯರಾಣದ ಕಡೆ ನೋಡಿದರೆ ಧೂಳು ಎದ್ದಿತ್ತು. ಕೆಳರೆಕ್ಕೆ ಏರುತ್ತಿತ್ತು. ನಾನು ಬರುವವರೆಗೆ ಕಾಯಲಿಲ್ಲ. ಕುರ್ಚಿಯಲ್ಲಿ ಕೂತ ದೊಡ್ಡವರಿಗೆ ಚಳಿಯಾಗುತ್ತಿದೆ ಎಂದು ಮ್ಯಾನೇಜರರು ಕೈ ಬೀಸಿ ಕಳಿಸಿದ್ದರಂತೆ, ಆಮೇಲೆ ಗೊತ್ತಾಯಿತು.

ಎರಡು ವಿಮಾನದಲ್ಲೂ ರೇಡಿಯೋ ಇರಲಿಲ್ಲ. ಎದುರಿಗೆ ಹೋಗಿ ರೆಕ್ಕೆ ಅಲ್ಲಾಡಿಸಲೇ ಎಂದು ಒಂದು ಕ್ಷಣ ಯೋಚಿಸಿದೆ. ಅದು ಹುಚ್ಚು. ಮೇಲ್ರೆಕ್ಕೆಯವನಿಗೆ ತಲೆಯ ಮೇಲೆ ಕಾಣದು, ಕೆಳರೆಕ್ಕೆಯವನಿಗೆ ಕಾಲ ಕೆಳಗೆ ಕಾಣದು. ಈ ಎರಡು ಜಾತಿಯ ವಿಮಾನ ಹತ್ತಿರ ಬಂದರೆ ಒಂದರ ಬೆನ್ನಿನ ಮೇಲೆ ಇನ್ನೊಂದು ಕೂರುವವರೆಗೂ ಇಬ್ಬರಿಗೂ ತಿಳಿಯುವುದಿಲ್ಲ. ಔಷಧ ತುಂಬಿದ್ದು ಆ ಹೊಲಗಳ ಮೇಲೆಯೇ ಒಡೆದು ಬಿದ್ದರೆ? ಅವನನ್ನು ನಿಲ್ಲಿಸುವ ಒಂದೇ ವಸ್ತು ಬಾವುಟ. ಬಾವುಟದವನು ಹೊಲದ ತುದಿಯಲ್ಲಿ, ಬಂಡಿ ದಾರಿಯ ಪಕ್ಕ ನಿಂತಿದ್ದ.

ಬಂಡಿ ದಾರಿ ಎಂದರೆ ಎರಡು ಗಾಲಿ ಜಾಡು, ಎರಡೂ ಕಡೆ ಎದೆಮಟ್ಟದ ತೊಗರಿ. ಕೆಳರೆಕ್ಕೆಯನ್ನು ಅಲ್ಲಿ ಇಳಿಸುವ ಮಾತೇ ಇಲ್ಲ, ರೆಕ್ಕೆ ಎರಡೂ ಕಡೆ ಗಿಡಕ್ಕೆ ಸಿಕ್ಕಿ ವಿಮಾನ ಗಿರಕಿ ಹೊಡೆದು ಬೋರಲು ಬೀಳುತ್ತದೆ. ನನ್ನ ರೆಕ್ಕೆ ತೊಗರಿಯ ತಲೆಯಿಂದ ಮೇಲಿತ್ತು. ಗಾಳಿಗೆ ಅಡ್ಡವಾಗಿ ವಿಮಾನವನ್ನು ಓರೆ ಜಾರಿಸಿ ಎತ್ತರ ಕಳೆದುಕೊಂಡೆ, ಜಾಡಿನ ನಡುವಿನ ಹುಲ್ಲುದಿಬ್ಬವನ್ನು ಮೂಗಿನ ನೇರಕ್ಕೆ ಹಿಡಿದೆ, ಇಂಜಿನ್ ಇಳಿಸಿದೆ. ರೆಕ್ಕೆಯ ತಳಕ್ಕೆ ತೊಗರಿಯ ತುದಿಗಳು ಸರಸರ ಉಜ್ಜಿದವು. ಒಂದು ಚಕ್ರ ಜಾಡಿಗೆ ಬಿತ್ತು, ಬಾಲ ಕುಪ್ಪಳಿಸಿತು, ಎಡಕ್ಕೆ ಎಳೆಯಿತು, ನಿಂತಿತು. ಸ್ವಿಚ್ಚು ಆರಿಸಿ ಹಾರಿ ಓಡಿದೆ.

"ಬಾವುಟ ಇಳಿಸು!" ಎಂದು ಕೂಗಿದೆ.

ಬಾವುಟದವನು ನನ್ನನ್ನೂ, ಬರುತ್ತಿದ್ದ ಕೆಳರೆಕ್ಕೆಯನ್ನೂ ನೋಡಿದ. ಬಾವುಟ ಎತ್ತಿಯೇ ಹಿಡಿದಿದ್ದ. "ಇಳಸ್ಬ್ಯಾಡ ಅಂತ ಮ್ಯಾನೇಜರ್ ಸಾಬ್ ಖಡಕ್ ಹೇಳ್ಯಾರ್ರಿ. ಇಳಸಿದ್ರ ನಾಳಿಂದ ಕೆಲಸ ಇಲ್ಲಂತ."

"ಒಳಗೆ ಮಂದಿ ಇದ್ದಾರೆ!"

"ಗೊತ್ತದ ಸಾಬ್," ಎಂದ ಅವನು. "ಮುಂಜಾನಿ ನಾನೇ ಹೋಗಿ ಹೇಳಿ ಬಂದೇನಿ, ಮಂದಿ ಹೊಲದಾಗ ಹೊಕ್ಕಾರ್ರಿ ಅಂತ. ಬಾಯಿ ಮುಚ್ಕೊಂಡು ನಿಂದ್ರು ಅಂದ್ರು."

ಇಂಜಿನ್ನಿನ ಸದ್ದು ದೊಡ್ಡದಾಯಿತು. ನಾನು ಕೈಚಾಚುವ ಮೊದಲೇ ಅವನು ಬಾವುಟವನ್ನು ಕೋಲಿನ ಸಮೇತ ನೆಲಕ್ಕೆಸೆದು, ಅದರ ಮೇಲೆ ಎರಡೂ ಕಾಲಿಟ್ಟು ನಿಂತ. ಕೆಳರೆಕ್ಕೆ ನಮ್ಮ ತಲೆಯ ಮೇಲೆ ಹಾದುಹೋಯಿತು. ನಾನು ಅದರ ಕೊಳವೆಗಳನ್ನೇ ನೋಡಿದೆ. ಒಣಗಿದ್ದವು. ತಿರುಗಿ ಇನ್ನೊಮ್ಮೆ ಬಂತು. ಬಾವುಟ ಕಾಲಡಿಯಲ್ಲೇ ಇತ್ತು. ಈ ಸಲವೂ ಒಂದು ಹನಿ ಬೀಳಲಿಲ್ಲ. ಎರಡನೇ ಪೈಲಟ್ ರೆಕ್ಕೆ ಅಲ್ಲಾಡಿಸಿ ಗಾಯರಾಣಕ್ಕೆ ಹಿಂತಿರುಗಿದ. ಅವನಿಗೆ ಕಾರಣ ಕಂಡಿರಲಿಲ್ಲ, ನಿಯಮ ಮಾತ್ರ ಗೊತ್ತಿತ್ತು. ಅವತ್ತು ಅಷ್ಟು ಸಾಕಾಯಿತು.

ಹತ್ತಿರದ ಕೊಂಪೆಯಿಂದ ವಯಸ್ಸಾದ ಹೆಂಗಸೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯ ಮೇಲೆ ವಿಭೂತಿ. ಹೆದರಿಕೆ ಒಂದಿಷ್ಟೂ ಇರಲಿಲ್ಲ, ವಿಮಾನ ತನ್ನ ಹೊಲದ ಹಬ್ಬ ನೋಡಲು ಇಳಿಯಿತು ಎಂಬ ಸಂತೋಷವಿತ್ತು.

"ಡಂಗುರ ಕೇಳಿಸಲಿಲ್ಲವೇನಮ್ಮ?" ಎಂದೆ. ನನ್ನ ದನಿ ಗದರಿದಂತಾಯಿತು.

"ಕೇಳೇವಲ್ಲೋ ಯಪ್ಪಾ. ಮಧ್ಯಾಹ್ನತನಕ ಹೊಲಕ್ಕ ಬರಬ್ಯಾಡ್ರಿ ಅಂದ್ರು. ಇವತ್ತ ಹೊಲಕ್ಕ ಬರದ ಹ್ಯಾಂಗ ಇರೂದು? ಭೂಮಿತಾಯಿಗಿ ಚರಗ ಚೆಲ್ಲದ ನಾವು ಹ್ಯಾಂಗ ಉಣ್ಣೂದು? ಅದಕ್ಕ ನಸುಕಿನ್ಯಾಗ ಬಂದೇವಿ, ಜಲ್ದಿ ಚೆಲ್ಲಿ, ಉಂಡು ಹೋಗಬೇಕಂತ."

"ವಿಮಾನ ಬಂದರೆ?"

"ಕೊಂಪಿ ಅದಲ್ಲ! ಮಳಿ ಬಂದ್ರ ಹೊಕ್ಕೊಂಡಂಗ ಹೊಕ್ಕೊಂಡು ಕುಂದರ್ತೇವಿ. ನಾಕು ಹನಿ ದಂಟಿನ ಮ್ಯಾಲ ಬೀಳ್ತಾವ, ಅಷ್ಟ."

ಡಂಗುರ ಕೇಳಿ, ಮಾತಿಗೂ ಬೆಲೆ ಕೊಟ್ಟು, ಭೂಮಿಗೂ ಮೋಸ ಮಾಡದೆ ಇರಲು ಅವರೆಲ್ಲ ಕಂಡುಕೊಂಡ ದಾರಿ ಅದು. ಮಧ್ಯಾಹ್ನದ ಊಟವನ್ನು ಬೆಳಗಿಗೆ ತಂದು, ವಿಷದ ಮಳೆಗೆ ದಂಟಿನ ಸೂರು ಹಿಡಿದಿದ್ದರು. ದಂಟಿನ ಸಂದಿಯಿಂದ ಒಳಗೆ ಬಿಸಿಲು ಕೋಲು ಕೋಲಾಗಿ ಬೀಳುತ್ತಿತ್ತು. ಕೆಳಗೆ ಬಾಯ್ದೆರೆದ ಗಡಿಗೆಯಲ್ಲಿ ಅಂಬಲಿ, ಬುಟ್ಟಿಯಲ್ಲಿ ಸಜ್ಜಿರೊಟ್ಟಿ, ಅಗಲ ಪಾತ್ರೆಯಲ್ಲಿ ಕಾಳು ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ. ಮಕ್ಕಳು ಆಗಲೇ ತಾಟು ಹಿಡಿದಿದ್ದರು. ಒಂದು ಹನಿ ಬಿದ್ದಿದ್ದರೂ ಅದನ್ನೇ ಕಲಸಿ ಬಾಯಿಗಿಡುತ್ತಿದ್ದರು. ಬೆಳೆಯ ಸಾಲಿನಲ್ಲಿ ಚರಗ, ಅಂದರೆ ಭೂಮಿಗೆ ಎಡೆಯ ಅಡುಗೆ, ಚೆಲ್ಲಿ ಬಂದ ಕೈಯಿಂದ ಆ ಮುದುಕಿ ನನಗೊಂದು ರೊಟ್ಟಿಯ ಮೇಲೆ ಭಜ್ಜಿ ಹಾಕಿ ಚಾಚಿದಳು.

"ಹೊಲಕ್ಕ ಬಂದವ್ರು ಉಣ್ಣದ ಹೋಗಬಾರದು. ತಗೋ ತಮ್ಮಾ."

ನನ್ನ ಕೈ ನೋಡಿಕೊಂಡೆ. ತೆಗೆದುಕೊಳ್ಳಲಾಗಲಿಲ್ಲ. ಆಮೇಲೆ ಬರುತ್ತೇನೆ ಎಂದು ಸುಳ್ಳು ಹೇಳಿದೆ.

ಜೀಪು ಬಂತು. ಮ್ಯಾನೇಜರರು ಇಳಿಯುವ ಮೊದಲೇ ಬಯ್ಯಲು ಶುರುಮಾಡಿದ್ದರು. ಮೂರು ತಾಲ್ಲೂಕಿನ ದೊಡ್ಡವರ ಎದುರು ಮಾನ ಹೋಯಿತು, ವಿಮಾನ ತಿರುಗಿ ಬಂದದ್ದನ್ನು ನೋಡಿ ಜನ ನಕ್ಕರು, ಬಂಡಿ ದಾರಿಯಲ್ಲಿ ಕಂಪನಿಯ ವಿಮಾನ ಇಳಿಸಲು ನಿಮಗೆ ಯಾರು ಹೇಳಿದರು ಎಂದು. ಬಾವುಟದವನತ್ತ ಬೆರಳು ಮಾಡಿ, "ಇಂವಂದು ಮುಗೀತು" ಎಂದರು. ನಾನು ಕೊಂಪೆಯ ಕಡೆ ಕೈ ತೋರಿಸಿದೆ. ಅವರು ನೋಡಿ, ಮುಖ ತಿರುಗಿಸಿದರು. ಮೊದಲೇ ಗೊತ್ತಿದ್ದ ಸಂಗತಿಯನ್ನು ಮತ್ತೆ ತೋರಿಸಿದವನ ಮೇಲೆ ಬರುವ ಸಿಟ್ಟು ಅವರದು.

ಏಜೆಂಟ ಮಾತ್ರ ಬಹಳ ತಣ್ಣಗಿದ್ದ. ಎಲೆಅಡಿಕೆ ಉಗುಳಿ, ನನ್ನ ಹೆಗಲಿನ ಮೇಲೆ ಕೈಹಾಕಿದ.

"ಇರ್ಲಿ ಬಿಡ್ರಿ ಕ್ಯಾಪ್ಟನ್ ಸಾಹೇಬ್ರ. ನಾಕು ಹನಿ ಬಿದ್ರ ಏನಾಗ್ತದ? ಹಳ್ಳಿ ಮಂದಿ ಗಟ್ಟಿ ಇರ್ತಾರ. ಒಂದು ಕೆಲಸ ಮಾಡ್ರಿ, ಈಗರೆ ಜಲ್ದಿ ಹೊಡದು ಮುಗಸ್ರಿ. ನಾ ಮಧ್ಯಾಹ್ನದೊಳಗ ಮಾದನಹಿಪ್ಪರಗಾ ಮುಟ್ಟಬೇಕು. ಮನಿ ಮಂದೆಲ್ಲ ಹೊಲದಾಗ ಕುಂತಾರ, ನಾ ಹೋಗದ ಚರಗ ಚೆಲ್ಲಂಗಿಲ್ಲ ಅವರು."

ನಾನು ಅವನ ಕೈಯನ್ನು ಹೆಗಲಿನಿಂದ ತೆಗೆದೆ. "ನಿಮ್ಮ ಹೊಲಕ್ಕೆ ಯಾವತ್ತು ಹೊಡೆಯುವುದು?" ಎಂದು ಕೇಳಿದೆ.

"ನಮ್ಮೂರಿಗಿ ಹಬ್ಬ ಆದಮ್ಯಾಲ ಇಟ್ಟೇನ್ರಿ," ಎಂದ ಅವನು, ಲೆಕ್ಕ ಸರಿ ಹೇಳಿದ ಹುಡುಗನಂತೆ. "ಇವತ್ತ ಹ್ಯಾಂಗಾಗ್ತದ? ಹೆಣ್ಣುಮಕ್ಕಳು ಹುಡುಗ್ರು ಎಲ್ಲಾ ಹೊಲದಾಗೇ ಇರ್ತಾರಲ್ರಿ."

ಬಂಡಿ ದಾರಿಯ ಬದುವಿಗೆ ಹೋಗಿ ವಾಂತಿ ಮಾಡಿಕೊಂಡೆ. ಆ ಮುದುಕಿ ಚೊಂಬಿನಲ್ಲಿ ನೀರು ತಂದುಕೊಟ್ಟು ಬೆನ್ನು ಸವರಿದಳು. ಏಜೆಂಟ ಗಡಿಯಾರ ನೋಡಿಕೊಳ್ಳುತ್ತಿದ್ದ. ಅವನಿಗೆ ಏನು ಹೇಳಿದೆನೋ ಅದು ಇಲ್ಲಿ ಬರೆಯುವಂಥದ್ದಲ್ಲ.

ಗಾಯರಾಣಕ್ಕೆ ಹಿಂತಿರುಗಿದಾಗ ಶಾಮಿಯಾನಾ ಖಾಲಿಯಾಗಿತ್ತು. ಎರಡನೇ ಪೈಲಟ್ ಟ್ಯಾಂಕರಿನ ನಲ್ಲಿಯಡಿ ಕೈ ತೊಳೆಯುತ್ತಿದ್ದ. ಕೊಂಪೆಗಳ ವಿಷಯ ನಾನು ಹೇಳಿದ ಮೇಲೂ ತೊಳೆಯುತ್ತಲೇ ಇದ್ದ. "ನಾ ಅವನ್ನ ಬಣವಿ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿದ.

ಸಂಜೆ ತಗಡಿನ ಶೆಡ್ಡಿನಲ್ಲಿ ಮ್ಯಾನೇಜರರು ನನ್ನ ಅಭಿಪ್ರಾಯ ಕೇಳಿದರು. ಹೇಳಿದೆ: ತಂತಿಯಿರುವ ನದಿಬದಿಯನ್ನು ಬಿಟ್ಟುಬಿಡೋಣ, ಉಳಿದೆಡೆಗೆ ಮೇಲ್ರೆಕ್ಕೆ ಇರಲಿ. ನಿಧಾನ, ಹೊರೆ ಕಡಿಮೆ, ಎಲ್ಲ ನಿಜ. ಆದರೆ ಈ ಸೀಮೆಯ ತೊಗರಿ ಎದೆಮಟ್ಟ ಬೆಳೆಯುತ್ತದೆ, ಅದರೊಳಗೆ ಮಂದಿ ಇರುತ್ತಾರೆ, ಮೇಲ್ರೆಕ್ಕೆಯಿಂದ ಅವರು ಕಾಣುತ್ತಾರೆ.

ಮ್ಯಾನೇಜರರು ಪೂರ್ತಿ ಕೇಳಿಸಿಕೊಂಡರು. ಅವತ್ತು ಮೊದಲ ಬಾರಿಗೆ ಅವರ ತಲೆ ಆಡಲಿಲ್ಲ.

"ಅದಕ್ಕೇ ಅದು ಬ್ಯಾಡ," ಎಂದರು. "ಕಂಡ್ರ ನೀವು ಇಳೀತೀರಿ. ನೀವು ಇಳದ್ರ ಕೆಲಸ ನಿಲ್ತದ. ಕಾಣದ ವಿಮಾನ ಇರ್ಲಿ ನಮಗ."

ಬಾಗಿಲಲ್ಲಿ ನಿಂತಿದ್ದ ಎರಡನೇ ಪೈಲಟ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಹಂಗಾದ್ರ ಅದನ್ನ ನೀವೇ ಹಾರಸ್ರಿ" ಎಂದು ಹೊರಟುಹೋದ. ನಾನೂ ಅವನ ಹಿಂದೆಯೇ ಎದ್ದು ಬಂದೆ.

ಕೆಳರೆಕ್ಕೆ ಒಂದು ವಾರ ಹಾರದೆ ಗಾಯರಾಣದಲ್ಲಿ ನಿಂತಿತ್ತಂತೆ, ಮೂಗಿನ ಮೇಲೆ ಚೆಂಡುಹೂ ಬಾಡಿಕೊಂಡು. ಆಮೇಲೆ ಕಂಪನಿಗೆ ಬೇರೊಬ್ಬ ಪೈಲಟ್ ಸಿಕ್ಕ. ಅವನಿಗೆ ಆ ವಿಮಾನ ಬಹಳ ಹಿಡಿಸಿತಂತೆ. ಏರಿದ್ದು ಇಳಿದದ್ದು ಎಲ್ಲ ಹೇಳಿದ ವೇಳೆಗೆ ಸರಿಯಾಗಿ ನಡೆಯಿತು, ಒಂದು ದಿನವೂ ಕೆಲಸ ನಿಲ್ಲಲಿಲ್ಲ ಎಂದು ಬಾವುಟದವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ. ಅವನ ಬದಲಿಗೆ ಹೊಸಬನೊಬ್ಬ ಬಾವುಟ ಹಿಡಿಯುತ್ತಿದ್ದನಂತೆ. ಹೊಲದೊಳಗೆ ಮಂದಿ ಇದ್ದರೇ ಎಂದು ಕೇಳಿದೆ.

"ಯಾರ್ ನೋಡ್ಯಾರ ಸಾಬ್?" ಎಂದ ಅವನು.